ಎರಡನೆಯವರು ಉಳಿದರು, ಐದನೆಯವರು ಮೇಲೆ ಹೋದರು: ಸಿಮ್ಯುಲೇಷನ್ ಫುಟ್‌ಬಾಲ್ ಲೀಗಿನ ಏರಿಳಿತದ ಲೆಕ್ಕ

ಕಂಪ್ಯೂಟರಿನಲ್ಲಿ ಒಂದು ಕ್ಲಬ್ಬನ್ನು ನಡೆಸುವ ಫುಟ್‌ಬಾಲ್ ಮ್ಯಾನೇಜರ್‌ನಂಥ ಆಟ ಆಡುವವರು ಮೊದಲ ಸೀಸನ್ ಮುಗಿದ ಕೂಡಲೇ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. “ನಾವು ಎರಡನೇ ಸ್ಥಾನ. ಇದ್ದಲ್ಲೇ ಉಳಿದ್ವಿ. ಐದನೇ ಸ್ಥಾನದವ್ರು ಮೇಲೆ ಹೋದ್ರು. ಗೇಮಲ್ಲೇ ಏನೋ ತಪ್ಪಿದೆ ಅಲ್ವಾ?”

ತಪ್ಪಿಲ್ಲ. ಇದು ನಿಜವಾದ ಫುಟ್‌ಬಾಲಿನಲ್ಲೂ ಆಗಿದೆ. ಇಂಗ್ಲೆಂಡಿನ ಐದನೇ ಹಂತದ ನ್ಯಾಷನಲ್ ಲೀಗಿನಲ್ಲಿ 2024-25ರ ಸೀಸನ್‌ನಲ್ಲಿ ಯಾರ್ಕ್ ಸಿಟಿ ಎರಡನೇ ಸ್ಥಾನ ಪಡೆಯಿತು. ಓಲ್ಡಮ್ ಅಥ್ಲೆಟಿಕ್ ಐದನೆಯದು, ಯಾರ್ಕ್‌ಗಿಂತ 20ಕ್ಕೂ ಹೆಚ್ಚು ಪಾಯಿಂಟ್ ಹಿಂದೆ. ಆದರೂ ಮೇಲೆ ಹೋದದ್ದು ಓಲ್ಡಮ್. ಕೆಳ ಡಿವಿಷನ್‌ಗಳಲ್ಲಿ ಯಾರು ಮೇಲೆ, ಯಾರು ಕೆಳಗೆ ಅನ್ನುವುದರಲ್ಲಿ ಪಾಯಿಂಟ್ ಪಟ್ಟಿ ಅರ್ಧ ಮಾತ್ರ ಹೇಳುತ್ತದೆ. ಉಳಿದ ಅರ್ಧ ಪ್ಲೇಆಫ್‌ನಲ್ಲಿ (ಲೀಗ್ ಮುಗಿದ ಮೇಲೆ ಉಳಿದ ಜಾಗಕ್ಕೆ ಆಡುವ ನಾಕೌಟ್ ಪಂದ್ಯಗಳಲ್ಲಿ), ಮೇಲಿನ ಡಿವಿಷನ್ನಿನಲ್ಲಿ, ಪಕ್ಕದ ಡಿವಿಷನ್ನಿನಲ್ಲಿ, ಕೆಲವು ಸಲ ಸ್ಟೇಡಿಯಂನ ಗ್ಯಾಲರಿಯಲ್ಲಿ ಇರುತ್ತದೆ. ಈ ಆಟಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ. ಅದನ್ನು ಸುಮ್ನೆ ಸಾಫ್ಟ್‌ವೇರ್ ದೋಷ ಅಂದುಕೊಂಡು ಬಿಟ್ಟರೆ ಬೇಜಾರಾಗುತ್ತದೆ.

ಕೊಡಗಿನವರಿಗೆ ಇದು ಗೊಂದಲ ಅನ್ನಿಸುವುದಕ್ಕೆ ಕಾರಣವೂ ಇದೆ. ನಾವು ನೋಡಿ ಬೆಳೆದದ್ದು ನಾಕೌಟ್. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನೇ ತಗೊಳ್ಳಿ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ಕುಟುಂಬಗಳು ತಂಡ ಕಟ್ಟಿಕೊಂಡು ಬಂದಿದ್ದವು. ಒಂದು ಪಂದ್ಯ ಸೋತರೆ ಆ ವರ್ಷದ ಆಟ ಮುಗಿಯಿತು. ಆದರೆ ಮುಂದಿನ ವರ್ಷ ಗೆದ್ದವರೂ ಸೋತವರೂ ಮತ್ತೆ ಒಂದೇ ಕಡೆಯಿಂದ ಹೊರಡುತ್ತಾರೆ. ಹೋದ ವರ್ಷ ಮೊದಲ ದಿನವೇ ಹೊರಬಿದ್ದ ಕುಟುಂಬಕ್ಕೂ ಫೈನಲ್ ಆಡಿದ ಕುಟುಂಬಕ್ಕೂ ಸಮಾನ ಹಕ್ಕು. ಲೀಗ್ ಹಾಗಲ್ಲ. ಲೀಗ್ ಹಿಂದಿನ ವರ್ಷವನ್ನು ಮರೆಯುವುದೇ ಇಲ್ಲ. ಈ ಮೇ ತಿಂಗಳಲ್ಲಿ ನೀವು ಎಲ್ಲಿ ನಿಂತಿರಿ ಅನ್ನುವುದೇ ಆಗಸ್ಟಿನಲ್ಲಿ ಯಾರ ಜೊತೆ ಆಡುತ್ತೀರಿ ಅನ್ನುವುದನ್ನು ಹೇಳುತ್ತದೆ.

ಈ ಪದ್ಧತಿಗೆ ಒಳ್ಳೆಯ ಹಿನ್ನೆಲೆ ಇದೆ. ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ 1888ರಲ್ಲಿ 12 ಕ್ಲಬ್‌ಗಳೊಂದಿಗೆ ಹುಟ್ಟಿತು. 1892ರಲ್ಲಿ ಎರಡನೇ ಡಿವಿಷನ್ ಬಂತು. ಆಗ ಮೇಲಿನ ಡಿವಿಷನ್ನಿನ ಕೊನೆಯವರೂ ಕೆಳಗಿನ ಡಿವಿಷನ್ನಿನ ಮೊದಲಿನವರೂ ‘ಟೆಸ್ಟ್ ಮ್ಯಾಚ್’ ಎಂಬ ಪರೀಕ್ಷಾ ಪಂದ್ಯಗಳನ್ನು ಆಡಬೇಕಿತ್ತು. 1898ರಲ್ಲಿ ಸ್ಟೋಕ್ ಮತ್ತು ಬರ್ನ್‌ಲಿ ಎದುರಾದಾಗ, ಡ್ರಾ ಆದರೆ ಇಬ್ಬರೂ ಮೊದಲ ಡಿವಿಷನ್ನಿನಲ್ಲಿ ಇರುವ ಹಾಗಿತ್ತು. ಪಂದ್ಯ 0-0. ಗೋಲು ಹೊಡೆಯುವ ಆಸೆ ಯಾರಿಗೂ ಇರಲಿಲ್ಲ ಅನ್ನುವುದು ನೋಡಿದವರಿಗೆಲ್ಲ ಗೊತ್ತಾಯಿತು. ಲೀಗ್ ಟೆಸ್ಟ್ ಮ್ಯಾಚುಗಳನ್ನೇ ಕೈಬಿಟ್ಟಿತು. ಮೊದಲ ಡಿವಿಷನ್ನನ್ನು 16ರಿಂದ 18 ತಂಡಗಳಿಗೆ ಹಿಗ್ಗಿಸಿ, ಆ ಟೆಸ್ಟ್ ಮ್ಯಾಚುಗಳಲ್ಲಿ ಆಡಿ ಅನ್ಯಾಯವಾದ ಇನ್ನಿಬ್ಬರಿಗೂ ಜಾಗ ಕೊಟ್ಟಿತು. ಅಲ್ಲಿಂದ ಮುಂದೆ ಮೇಲಿನವರು ತಾನಾಗಿ ಮೇಲೆ, ಕೆಳಗಿನವರು ತಾನಾಗಿ ಕೆಳಗೆ ಎಂಬ ನಿಯಮ ಬಂತು.

ಈಗ ಲೆಕ್ಕಕ್ಕೆ ಬರೋಣ. ಫುಟ್‌ಬಾಲ್ ಮ್ಯಾನೇಜರ್ ಜೊತೆ ಬರುವ ಎಡಿಟರ್‌ನಲ್ಲಿ ನಮಗೆ ಬೇಕಾದ ಲೀಗ್ ಕಟ್ಟಬಹುದು. ಸ್ನೇಹಿತರ ಗುಂಪು ಎಕ್ಸೆಲ್ ಶೀಟಿನಲ್ಲೂ ಕಟ್ಟಬಹುದು. ಹಾಗೊಂದು ಕಾಲ್ಪನಿಕ ಕೊಡಗು ಲೀಗ್ ಇದೆ ಅಂದುಕೊಳ್ಳಿ. ಮೇಲೆ 10 ತಂಡಗಳ ಒಂದು ಡಿವಿಷನ್. ಅದರ ಕೆಳಗೆ ಉತ್ತರ, ದಕ್ಷಿಣ ಎಂದು ಎರಡು, ತಲಾ ಎಂಟು ತಂಡ. ಉತ್ತರದ ಚಾಂಪಿಯನ್ ಒಬ್ಬರು, ದಕ್ಷಿಣದ ಚಾಂಪಿಯನ್ ಒಬ್ಬರು ಮೇಲೆ ಹೋಗುತ್ತಾರೆ. ಮೇಲಿನ ಕೊನೆಯ ಇಬ್ಬರು ಕೆಳಗೆ ಬರುತ್ತಾರೆ. ತವರಲ್ಲಿ ಒಮ್ಮೆ, ಎದುರಾಳಿಯ ಊರಲ್ಲಿ ಒಮ್ಮೆ ಆಡಿದರೆ ಕೆಳ ಡಿವಿಷನ್ನಿನ ಪ್ರತಿ ತಂಡಕ್ಕೆ 14 ಪಂದ್ಯ.

ಉತ್ತರದಲ್ಲಿ ಸೀಸನ್ ಮುಗಿದಿದೆ. ಸುಂಟಿಕೊಪ್ಪ 9 ಗೆದ್ದಿದೆ, 2 ಡ್ರಾ, 3 ಸೋಲು. ಸೋಮವಾರಪೇಟೆ 8 ಗೆದ್ದಿದೆ, 5 ಡ್ರಾ, ಸೋತದ್ದು 1 ಮಾತ್ರ. ಗೆಲುವಿಗೆ 3, ಡ್ರಾಗೆ 1. ಇಬ್ಬರದ್ದೂ 29 ಪಾಯಿಂಟ್. ಗೋಲು ನೋಡೋಣ. ಸುಂಟಿಕೊಪ್ಪ 31 ಹೊಡೆದು 18 ಬಿಟ್ಟುಕೊಟ್ಟಿದೆ. ಸೋಮವಾರಪೇಟೆ 22 ಹೊಡೆದು 9 ಬಿಟ್ಟುಕೊಟ್ಟಿದೆ. ಗೋಲು ವ್ಯತ್ಯಾಸ ಇಬ್ಬರದ್ದೂ 13. ಈಗ ಯಾರು ಮೇಲೆ?

ಇಂಗ್ಲೆಂಡಿನ ಇವತ್ತಿನ ನಿಯಮದಲ್ಲಿ ಸುಂಟಿಕೊಪ್ಪ. ಗೋಲು ವ್ಯತ್ಯಾಸವೂ ಸಮನಾದರೆ ಜಾಸ್ತಿ ಗೋಲು ಹೊಡೆದವರಿಗೆ ಮೊದಲ ಸ್ಥಾನ. ಆದರೆ ಅಲ್ಲಿ 1976ರವರೆಗೆ ವ್ಯತ್ಯಾಸ ನೋಡುತ್ತಿರಲಿಲ್ಲ, ಸರಾಸರಿ ನೋಡುತ್ತಿದ್ದರು. ಹೊಡೆದ ಗೋಲನ್ನು ಬಿಟ್ಟುಕೊಟ್ಟ ಗೋಲಿನಿಂದ ಭಾಗಿಸುವುದು. ಆ ಲೆಕ್ಕದಲ್ಲಿ ಸುಂಟಿಕೊಪ್ಪದ್ದು 1.72, ಸೋಮವಾರಪೇಟೆಯದ್ದು 2.44. ಸೋಮವಾರಪೇಟೆ ಮೇಲೆ! ಇನ್ನೂ ಒಂದು ಇದೆ. 1981ರ ತನಕ ಇಂಗ್ಲೆಂಡಿನಲ್ಲಿ ಗೆಲುವಿಗೆ ಸಿಗುತ್ತಿದ್ದದ್ದು 2 ಪಾಯಿಂಟ್. ಆಗ ಸುಂಟಿಕೊಪ್ಪಕ್ಕೆ 20, ಸೋಮವಾರಪೇಟೆಗೆ 21. ಗೋಲು ನೋಡುವ ಪ್ರಶ್ನೆಯೇ ಬರುವುದಿಲ್ಲ. ಸ್ಪೇನಿನ ನಿಯಮ ಹಾಕಿಕೊಂಡಿದ್ದರೆ ಇವೆಲ್ಲಕ್ಕಿಂತ ಮೊದಲು ಇವರಿಬ್ಬರು ಪರಸ್ಪರ ಆಡಿದ ಎರಡು ಪಂದ್ಯಗಳನ್ನು ನೋಡಬೇಕು.

ಆಡಿದ ಆಟ ಅದೇ, ಹೊಡೆದ ಗೋಲು ಅವೇ. ನಿಯಮ ಬದಲಾದರೆ ಬಡ್ತಿ ಪಡೆಯುವ ಊರೇ ಬದಲಾಗುತ್ತದೆ. ಅದಕ್ಕೇ ಲೀಗ್ ಕಟ್ಟುವವರು ಮೊದಲ ಪಂದ್ಯಕ್ಕೆ ಮುಂಚೆಯೇ ಈ ಸಾಲನ್ನು ಬರೆದಿಟ್ಟಿರಬೇಕು. ಸೀಸನ್ ಮುಗಿದ ಮೇಲೆ ನಿಯಮ ಹುಡುಕಹೊರಟರೆ ಜಗಳ ಗ್ಯಾರಂಟಿ. ಆಟ ಆಡುವವರಾದರೆ ಲೀಗಿನ ‘ನಿಯಮಗಳು’ ಪುಟವನ್ನು ಸೀಸನ್ ಶುರುವಿನಲ್ಲೇ ಓದಿ. ಗೋಲು ವ್ಯತ್ಯಾಸಕ್ಕೆ ಬೆಲೆ ಇರುವ ಲೀಗಿನಲ್ಲಿ 3-0 ಮುಂದಿರುವಾಗ ನಾಲ್ಕನೇ ಗೋಲಿಗೆ ಹೋಗುವುದು ದುರಾಸೆಯಲ್ಲ.

ಇನ್ನು ಪ್ಲೇಆಫ್. ಇಂಗ್ಲೆಂಡಿನಲ್ಲಿ ಇದು ಬಂದದ್ದು 1987ರಲ್ಲಿ. ಉದ್ದೇಶ ಸರಳ. ಮಾರ್ಚ್ ಹೊತ್ತಿಗೆ ಮೊದಲ ಸ್ಥಾನಗಳು ತೀರ್ಮಾನವಾಗಿಬಿಟ್ಟರೆ ಏಳನೇ, ಎಂಟನೇ ಸ್ಥಾನದವರಿಗೆ ಆಡಲು ಏನೂ ಉಳಿಯುವುದಿಲ್ಲ, ನೋಡುವವರೂ ಬರುವುದಿಲ್ಲ. ಪ್ಲೇಆಫ್ ಇದ್ದರೆ ಕೊನೆಯ ವಾರದವರೆಗೂ ಅರ್ಧ ಪಟ್ಟಿಗೆ ಆಸೆ ಇರುತ್ತದೆ. ನ್ಯಾಷನಲ್ ಲೀಗಿನಲ್ಲಿ 24 ತಂಡ. ಚಾಂಪಿಯನ್ ನೇರವಾಗಿ ಮೇಲೆ. ಎರಡರಿಂದ ಏಳನೇ ಸ್ಥಾನದವರು ಉಳಿದ ಒಂದೇ ಒಂದು ಜಾಗಕ್ಕೆ ಪ್ಲೇಆಫ್ ಆಡುತ್ತಾರೆ. ಎರಡು ಮತ್ತು ಮೂರನೆಯವರು ನೇರ ಸೆಮಿಫೈನಲ್, ಅದೂ ತವರು ಮೈದಾನದಲ್ಲಿ. 46 ಪಂದ್ಯಗಳ ದುಡಿಮೆಗೆ ಸಿಗುವ ಬಹುಮಾನ ಇಷ್ಟೇ.

ಇದು ಎಷ್ಟು ಕಠಿಣ ಅಂತ 2022-23ರಲ್ಲಿ ಕಂಡಿತು. ರೆಕ್ಸಮ್ 111 ಪಾಯಿಂಟ್ ಗಳಿಸಿ ಚಾಂಪಿಯನ್. ನಾಟ್ಸ್ ಕೌಂಟಿ 107 ಗಳಿಸಿ ಎರಡನೆಯದು. ಹೆಚ್ಚಿನ ವರ್ಷಗಳಲ್ಲಿ 107 ಅಂದರೆ ಆರಾಮಾಗಿ ಗೆಲ್ಲುವಷ್ಟು. ಆದರೂ ಅವರು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಪ್ಲೇಆಫ್ ಫೈನಲ್ ಆಡಿ, ಚೆಸ್ಟರ್‌ಫೀಲ್ಡ್ ವಿರುದ್ಧ ಪೆನಾಲ್ಟಿ ಶೂಟೌಟ್ ತನಕ ಹೋಗಿ ಮೇಲೆ ಬರಬೇಕಾಯಿತು. ಐದನೇ ಹಂತದಿಂದ ಮೂರು ತಂಡಗಳಿಗೆ ಬಡ್ತಿ ಕೊಡಿ ಎಂದು ಅಲ್ಲಿನ ಕ್ಲಬ್‌ಗಳು ಒತ್ತಾಯಿಸುತ್ತಿರುವುದು ಸುಮ್ನೆ ಅಲ್ಲ. ಅವರ ಮಾತು ನ್ಯಾಯ ಅಂತಲೇ ನನಗನ್ನಿಸುತ್ತದೆ.

ಇಲ್ಲಿ ಸಿಮ್ಯುಲೇಷನ್ ಒಳಗೆ ಏನು ನಡೆಯುತ್ತದೆ ಅನ್ನುವುದನ್ನೂ ನೋಡಬೇಕು. “ನಮ್ಮ ತಂಡ ಬಲಿಷ್ಠ, ಆದರೂ ಸೋತಿತು” ಅನ್ನುವ ದೂರು ಅದಕ್ಕೆ ಸಂಬಂಧಿಸಿದ್ದು. ಸರಳವಾದ ಸಿಮ್ಯುಲೇಷನ್ನುಗಳು ಎರಡು ತಂಡಗಳ ಬಲ, ತವರಿನ ಅನುಕೂಲ ಎಲ್ಲ ಸೇರಿಸಿ, ಸರಾಸರಿ ಎಷ್ಟು ಗೋಲು ಬರಬಹುದು ಅಂತ ಲೆಕ್ಕ ಹಾಕುತ್ತವೆ. ಆಮೇಲೆ ಆ ಸರಾಸರಿಯ ಸುತ್ತ ಒಂದು ಸಂಖ್ಯೆಯನ್ನು ಆಕಸ್ಮಿಕವಾಗಿ ಎತ್ತುತ್ತವೆ. ಇದಕ್ಕೆ ಪಾಯ್ಸನ್ ಹಂಚಿಕೆ ಎಂಬ ಗಣಿತ ಬಳಸುವುದು ರೂಢಿ. ನಿಮ್ಮ ತಂಡದ ಸರಾಸರಿ 1.5, ಎದುರಾಳಿಯದ್ದು 1 ಇದೆ ಅಂದುಕೊಳ್ಳಿ. ದೊಡ್ಡ ಅಂತರವೇ ಅದು. ಆದರೂ ಇಂಥ 100 ಪಂದ್ಯಗಳಲ್ಲಿ ನೀವು ಗೆಲ್ಲುವುದು ಸುಮಾರು 49. ಡ್ರಾ 26. ಉಳಿದ 25ರಲ್ಲಿ ಸೋಲು. ನಾಲ್ಕಕ್ಕೊಂದು ಸೋಲು ಅಂದ ಹಾಗಾಯಿತು.

ಪಂದ್ಯ ಜಾಸ್ತಿಯಾದಷ್ಟೂ ಈ ಅದೃಷ್ಟ ಒಂದನ್ನೊಂದು ಹೊಡೆದುಹಾಕಿ ನಿಜವಾದ ಬಲ ಕಾಣುತ್ತದೆ. 46 ಪಂದ್ಯಗಳ ಲೀಗಿನಲ್ಲಿ ಮೊದಲ ಸ್ಥಾನಕ್ಕೆ ಬರುವವರು ಹೆಚ್ಚಾಗಿ ಅದಕ್ಕೆ ಅರ್ಹರೇ. 14 ಪಂದ್ಯಗಳ ನಮ್ಮ ಕೊಡಗು ಲೀಗಿನಲ್ಲಿ ಹಾಗೆ ಹೇಳಲು ಆಗುವುದಿಲ್ಲ. ಒಂದು ಸೆಮಿಫೈನಲ್, ಒಂದು ಫೈನಲ್ ಇರುವ ಪ್ಲೇಆಫ್‌ನಲ್ಲಂತೂ ಮೂರು ಗಂಟೆಯ ಆಟ ಒಂಬತ್ತು ತಿಂಗಳನ್ನು ಮೀರಿಸಬಹುದು. ಯಾರ್ಕ್‌ಗೆ ಆದದ್ದು ಅದೇ. ತವರಲ್ಲೇ ಸೆಮಿಫೈನಲ್ ಆಡಿ ಓಲ್ಡಮ್‌ಗೆ ಸೋತರು. ಸ್ನೇಹಿತರ ಜೊತೆ ಚಿಕ್ಕ ಲೀಗ್ ನಡೆಸುವವರಿಗೆ ನನ್ನ ಸಲಹೆ: ತಂಡ ಕಮ್ಮಿ ಇದ್ದರೆ ಒಬ್ಬೊಬ್ಬರ ಜೊತೆ ನಾಲ್ಕು ಸಲ ಆಡಿಸಿ. ಎಂಟು ತಂಡಕ್ಕೆ 28 ಪಂದ್ಯವಾಗುತ್ತದೆ, ಫಲಿತಾಂಶ ಎಷ್ಟೋ ನಂಬುವ ಹಾಗಿರುತ್ತದೆ.

ಈಗ ಎಲ್ಲರನ್ನೂ ಗೊಂದಲಕ್ಕೆ ಬೀಳಿಸುವ ಜಾಗಕ್ಕೆ ಬಂದೆವು. ಮೇಲೆ ಒಂದೇ ಡಿವಿಷನ್, ಕೆಳಗೆ ಪ್ರದೇಶದ ಪ್ರಕಾರ ಎರಡು. ಇಂಗ್ಲೆಂಡಿನ ಆರನೇ ಹಂತವೂ ಹೀಗೇ, ನ್ಯಾಷನಲ್ ಲೀಗ್ ನಾರ್ತ್ ಮತ್ತು ಸೌತ್. ಕೆಳ ಹಂತದ ಕ್ಲಬ್‌ಗಳಲ್ಲಿ ದುಡ್ಡು ಕಮ್ಮಿ, ಆಟಗಾರರು ಬೇರೆ ಕೆಲಸವನ್ನೂ ಮಾಡುವವರು. ದೂರ ಪ್ರಯಾಣ ಕಷ್ಟ ಅಂತ ಈ ವಿಂಗಡಣೆ.

ನಮ್ಮ ಲೀಗಿನಲ್ಲಿ ಮೇಲಿನಿಂದ ಗೋಣಿಕೊಪ್ಪ ಮತ್ತು ವಿರಾಜಪೇಟೆ ಕೆಳಗೆ ಬಂದವು ಅನ್ನಿ. ಎರಡೂ ದಕ್ಷಿಣದವು. ಉತ್ತರದಿಂದ ಸುಂಟಿಕೊಪ್ಪ, ದಕ್ಷಿಣದಿಂದ ಪಾಲಿಬೆಟ್ಟ ಮೇಲೆ ಹೋದವು. ಲೆಕ್ಕ ಹಾಕಿ. ಉತ್ತರದಲ್ಲಿ ಒಬ್ಬರು ಹೋದರು, ಯಾರೂ ಬರಲಿಲ್ಲ, ಏಳು ಉಳಿಯಿತು. ದಕ್ಷಿಣದಲ್ಲಿ ಒಬ್ಬರು ಹೋದರು, ಇಬ್ಬರು ಬಂದರು, ಒಂಬತ್ತಾಯಿತು. ಬೆಸ ಸಂಖ್ಯೆ ಬಂದರೆ ಪ್ರತಿ ಸುತ್ತಿನಲ್ಲೂ ಒಂದು ತಂಡ ಸುಮ್ಮನೆ ಕೂರಬೇಕು. ಒಂಬತ್ತು ತಂಡಕ್ಕೆ ತಲಾ 16 ಪಂದ್ಯ, ಆದರೆ ಅವನ್ನು ಮುಗಿಸಲು 18 ಸುತ್ತು. ಆದ್ದರಿಂದ ದಕ್ಷಿಣದ ಒಂದು ತಂಡವನ್ನು ಉತ್ತರಕ್ಕೆ ಸೇರಿಸಲೇಬೇಕು. ಯಾರನ್ನು? ದಕ್ಷಿಣದ ತಂಡಗಳಲ್ಲಿ ಉತ್ತರಕ್ಕೆ ಅತಿ ಹತ್ತಿರ ಇರುವವರನ್ನು. ನಕ್ಷೆಯಲ್ಲಿ ನೋಡಿದರೆ ಸಿದ್ದಾಪುರ. ಕಾವೇರಿ ಸೇತುವೆ ದಾಟಿದರೆ ನೆಲ್ಲಿಹುದಿಕೇರಿ, ಅಲ್ಲಿಂದ ಮುಂದೆ ಉತ್ತರದ ತಂಡಗಳೇ.

ಸಿದ್ದಾಪುರ ಮೇಲೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ನಾಲ್ಕನೇ ಸ್ಥಾನದಲ್ಲಿ ನೆಮ್ಮದಿಯಾಗಿತ್ತು. ಆದರೂ ಮುಂದಿನ ಸೀಸನ್‌ನಲ್ಲಿ ಅಮ್ಮತ್ತಿ, ಪೊನ್ನಂಪೇಟೆ ಬದಲು ಶನಿವಾರಸಂತೆ, ಕೊಡ್ಲಿಪೇಟೆ ತನಕ ಹೋಗಿ ಆಡಬೇಕು. ಎದುರಾಳಿಗಳೆಲ್ಲ ಹೊಸಬರು. ಪ್ರಯಾಣದ ಖರ್ಚು ಬೇರೆ. ಅದಕ್ಕೆ ಕಾರಣ ಅವರ ಆಟವಲ್ಲ, ಮೇಲಿನ ಡಿವಿಷನ್ನಿನಲ್ಲಿ ಸೋತ ಎರಡು ಊರುಗಳ ವಿಳಾಸ. ಇಂಗ್ಲೆಂಡಿನ ಗ್ಲೌಸ್ಟರ್ ಸಿಟಿ ಹೀಗೆ ನಾರ್ತ್‌ಗೂ ಸೌತ್‌ಗೂ ಒಂದಕ್ಕಿಂತ ಹೆಚ್ಚು ಸಲ ಓಡಾಡಿದೆ. ನೀವು ಆಡುತ್ತಿರುವ ಆಟದಲ್ಲಿ ಗಡಿಯ ತಂಡವನ್ನು ಆರಿಸಿಕೊಂಡಿದ್ದರೆ, ಮೇ ತಿಂಗಳಲ್ಲಿ ನಿಮ್ಮ ಪಟ್ಟಿಯಷ್ಟೇ ಗಮನ ಕೊಟ್ಟು ಮೇಲಿನ ಡಿವಿಷನ್ನಿನ ಕೊನೆಯ ಸಾಲುಗಳನ್ನೂ ನೋಡುತ್ತಿರಿ.

ಇದಕ್ಕಿಂತ ನೋವಿನದ್ದು ಅರ್ಹತೆಯ ನಿಯಮ. ಗೆದ್ದರೂ ಮೇಲೆ ಹೋಗಲು ಬಿಡದೆ ಇರುವುದು. ಇಂಗ್ಲೆಂಡಿನಲ್ಲಿ ಐದನೇ ಹಂತದಿಂದ ನಾಲ್ಕನೆಯದಕ್ಕೆ ನೇರ ಬಡ್ತಿ ಶುರುವಾದದ್ದೇ 1987ರಲ್ಲಿ. ಮೊದಲು ಮೇಲೆ ಹೋದದ್ದು ಸ್ಕಾರ್‌ಬರೋ, ಮೊದಲು ಕೆಳಗೆ ಬಂದದ್ದು ಲಿಂಕನ್ ಸಿಟಿ. ಆದರೆ 1994ರಲ್ಲಿ ಕಿಡರ್‌ಮಿನ್‌ಸ್ಟರ್ ಹ್ಯಾರಿಯರ್ಸ್, 1995ರಲ್ಲಿ ಮ್ಯಾಕಲ್ಸ್‌ಫೀಲ್ಡ್ ಟೌನ್, 1996ರಲ್ಲಿ ಸ್ಟೀವನೇಜ್ ಬರೋ ಚಾಂಪಿಯನ್ ಆದರೂ ಮೈದಾನ ನಿಯಮಕ್ಕೆ ತಕ್ಕಂತಿಲ್ಲ ಅಂತ ಬಡ್ತಿ ಸಿಗಲಿಲ್ಲ. ಮೂರು ವರ್ಷ ಸತತವಾಗಿ! ಅವರು ಮೇಲೆ ಹೋಗದಿದ್ದರಿಂದ ಮೇಲಿನ ಡಿವಿಷನ್ನಿನ ಕೊನೆಯವರು ಬಚಾವಾದರು. 1994ರಲ್ಲಿ ನಾರ್ಥಾಂಪ್ಟನ್, 1995ರಲ್ಲಿ ಎಕ್ಸೆಟರ್, 1996ರಲ್ಲಿ ಟಾರ್ಕಿ. ಟಾರ್ಕಿಯವರು ಆ ವರ್ಷ ಆಡಿದ ಯಾವ ಪಂದ್ಯವೂ ಅವರನ್ನು ಉಳಿಸಲಿಲ್ಲ. ಉಳಿಸಿದ್ದು ಸ್ಟೀವನೇಜ್‌ನ ಮೈದಾನ.

ಸಿಮ್ಯುಲೇಷನ್ ಆಟಗಳು ಈ ನಿಯಮವನ್ನೂ ಹಾಕಿಕೊಂಡಿರುತ್ತವೆ. ಎಷ್ಟು ಜನ ಹಿಡಿಸಬೇಕು, ಎಷ್ಟು ಸೀಟು ಇರಬೇಕು ಅಂತ. ಚಿಕ್ಕ ಕ್ಲಬ್ ಹಿಡಿದು ವೇಗವಾಗಿ ಮೇಲೇರುವವರು ಇಲ್ಲಿ ಎಡವುತ್ತಾರೆ. ತಂಡಕ್ಕೆ ಹೊಸ ಸ್ಟ್ರೈಕರ್ ತರುವಷ್ಟೇ ಮುಖ್ಯ ಗ್ಯಾಲರಿ ಕಟ್ಟಿಸಿ ಅಂತ ಆಡಳಿತ ಮಂಡಳಿಯನ್ನು ಕೇಳುವುದು.

ಮೇಲಿನಿಂದ ಒಂದು ತಂಡವೇ ಮಾಯವಾದರೆ? ಅದೂ ಆಗಿದೆ. 2019ರ ಆಗಸ್ಟಿನಲ್ಲಿ ಬರಿ ಎಂಬ ಕ್ಲಬ್ಬನ್ನು ಹಣಕಾಸಿನ ಕಾರಣಕ್ಕೆ ಲೀಗಿನಿಂದಲೇ ತೆಗೆದುಹಾಕಿದರು. ಮೂರನೇ ಹಂತದಲ್ಲಿ 24ರ ಬದಲು 23 ತಂಡ. ಆ ಖಾಲಿ ಜಾಗ ತುಂಬಲು ಆ ಸೀಸನ್ ಅಲ್ಲಿಂದ ನಾಲ್ವರ ಬದಲು ಮೂವರನ್ನು ಇಳಿಸಿದರು. ಅದರ ಕೆಳಗಿನ ಹಂತದಿಂದ ಇಬ್ಬರ ಬದಲು ಒಬ್ಬರನ್ನು. ಆ ಒಬ್ಬರು ಯಾರಾಗಬೇಕಿತ್ತು ಗೊತ್ತಾ? ಕೊನೆಯ ಸ್ಥಾನದಲ್ಲಿದ್ದ ಸ್ಟೀವನೇಜ್. ಆದರೆ ಮ್ಯಾಕಲ್ಸ್‌ಫೀಲ್ಡ್‌ಗೆ ದಂಡವಾಗಿ ಇನ್ನಷ್ಟು ಪಾಯಿಂಟ್ ಕಡಿತವಾಗಿ, ಅವರು ಸ್ಟೀವನೇಜ್‌ಗಿಂತ ಕೆಳಗೆ ಜಾರಿದರು. ಸ್ಟೀವನೇಜ್ ಉಳಿಯಿತು, ಮೂರು ವರ್ಷದಲ್ಲಿ ಮೂರನೇ ಹಂತಕ್ಕೇ ಏರಿತು. ಮ್ಯಾಕಲ್ಸ್‌ಫೀಲ್ಡ್ 2020ರಲ್ಲೇ ಮುಚ್ಚಿಹೋಯಿತು. ಕಾಲು ಶತಮಾನದ ಹಿಂದೆ ಬಡ್ತಿ ಸಿಗದೆ ನೊಂದ ಕ್ಲಬ್‌ಗಳೇ ಇವೆರಡೂ.

ದೊಡ್ಡ ಕ್ಲಬ್‌ಗಳ ಬಿ ತಂಡಗಳು (ಅದೇ ಕ್ಲಬ್ಬಿನ ಎರಡನೇ ತಂಡಗಳು) ಲೀಗಿನಲ್ಲಿ ಆಡುವ ದೇಶಗಳಲ್ಲಿ ಇನ್ನೊಂದು ನಿಯಮ ಇದೆ. ತಾಯಿ ಕ್ಲಬ್ ಮತ್ತು ಬಿ ತಂಡ ಒಂದೇ ಡಿವಿಷನ್ನಿನಲ್ಲಿ ಇರುವಂತಿಲ್ಲ. ಸ್ಪೇನಿನಲ್ಲಿ 2012ರಲ್ಲಿ ವಿಯಾರಿಯಲ್ ಮೊದಲ ಹಂತದಿಂದ ಇಳಿಯಿತು. ಎರಡನೇ ಹಂತದಲ್ಲಿ 12ನೇ ಸ್ಥಾನ ಪಡೆದಿದ್ದ ವಿಯಾರಿಯಲ್ ಬಿ ಕೂಡ ಆ ಕಾರಣಕ್ಕೇ ಮೂರನೆಯದಕ್ಕೆ ಇಳಿಯಬೇಕಾಯಿತು.

ಇಷ್ಟೆಲ್ಲ ಇರುವುದರಿಂದ ಸಿಮ್ಯುಲೇಷನ್ನಿನಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದು ಬಹಳ ಮುಖ್ಯ. ಮೊದಲು ಪಾಯಿಂಟ್ ಕಡಿತ ಸೇರಿಸಿ ಪಟ್ಟಿ ಅಂತಿಮ. ಆಮೇಲೆ ಪ್ಲೇಆಫ್. ಆಮೇಲೆ ಮೇಲೆ ಹೋಗುವವರ ಅರ್ಹತೆ. ಅದಾದ ಮೇಲೆಯೇ ಎಷ್ಟು ಜನ ಇಳಿಯಬೇಕು ಅನ್ನುವ ಸಂಖ್ಯೆ. ಉತ್ತರ-ದಕ್ಷಿಣ ಹಂಚಿಕೆ ಎಲ್ಲಕ್ಕಿಂತ ಕೊನೆಗೆ. ಎಕ್ಸೆಲ್‌ನಲ್ಲಿ ಲೀಗ್ ನಡೆಸುವವರು ಹಂಚಿಕೆಯನ್ನು ಮೊದಲೇ ಮಾಡಿಬಿಟ್ಟು, ಪ್ಲೇಆಫ್ ಗೆದ್ದವರು ಬೇರೆ ಭಾಗದವರು ಅಂತ ಗೊತ್ತಾದ ಮೇಲೆ ಎಲ್ಲವನ್ನೂ ಅಳಿಸಿ ಬರೆಯುವುದನ್ನು ನೋಡಿದ್ದೇನೆ. ಆಟದಲ್ಲೂ ಇದೇ ಕಾರಣಕ್ಕೆ, ಸೀಸನ್ ಮುಗಿದ ಮೇಲೂ ನಿಮ್ಮ ಮುಂದಿನ ಡಿವಿಷನ್ ಕೆಲವು ವಾರ ಸರಿಯಾಗಿ ಕಾಣುವುದಿಲ್ಲ. ಆಗ ಗಾಬರಿಯಾಗಬೇಡಿ.

ನಮ್ಮ ದೇಶದ್ದನ್ನೂ ಒಂದು ಮಾತು ಹೇಳಬೇಕು. ಬೆಂಗಳೂರಿನ ಜಿಲ್ಲಾ ಲೀಗಿನಲ್ಲಿ ಸೂಪರ್ ಡಿವಿಷನ್, ಎ ಡಿವಿಷನ್ ಅಂತ ಹಂತಗಳಿವೆ. ಆದರೆ 2014ರಲ್ಲಿ ಶುರುವಾದ ಇಂಡಿಯನ್ ಸೂಪರ್ ಲೀಗ್ ಅಂದರೆ ಐಎಸ್‌ಎಲ್‌ನಲ್ಲಿ ಏರುವುದೂ ಇರಲಿಲ್ಲ, ಇಳಿಯುವುದೂ ಇರಲಿಲ್ಲ. ಅದರ ಕೆಳಗಿನ ಹಂತವಾದ ಐ-ಲೀಗನ್ನು 2022-23ರಲ್ಲಿ ಗೆದ್ದು ಪಂಜಾಬ್ ಎಫ್‌ಸಿ, ಮರುವರ್ಷ ಗೆದ್ದು ಮೊಹಮ್ಮಡನ್ ಸ್ಪೋರ್ಟಿಂಗ್ ಮೇಲೆ ಹೋದವು. ಇವರಿಗಾಗಿ ಯಾರೂ ಕೆಳಗೆ ಇಳಿಯಲಿಲ್ಲ. ಹಾಗಾಗಿ 11 ತಂಡಗಳಿದ್ದ ಐಎಸ್‌ಎಲ್ 2024-25ಕ್ಕೆ 13 ಆಯಿತು. ಅದೇ ಸೀಸನ್ನಿನ ಐ-ಲೀಗ್ ಪಂದ್ಯಗಳು ಏಪ್ರಿಲ್‌ನಲ್ಲೇ ಮುಗಿದವು. ಇಂಟರ್ ಕಾಶಿಯೇ ಚಾಂಪಿಯನ್ ಅಂತ ತೀರ್ಮಾನವಾದದ್ದು ಜುಲೈನಲ್ಲಿ, ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಯಲ್ಲಿ. ಇಳಿಯುವ ಭಯವಿಲ್ಲದ ಲೀಗಿನಲ್ಲಿ ಕೊನೆಯ ಸ್ಥಾನದವರ ಪಂದ್ಯಕ್ಕೆ ಯಾವ ಕಾವೂ ಇರುವುದಿಲ್ಲ. ನಮ್ಮಲ್ಲೂ ಇಳಿಯುವ ನಿಯಮ ಇರಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಕೊನೆಯದಾಗಿ ದುಡ್ಡಿನ ವಿಷಯ. ಹಂತ ಬದಲಾದ ಕೂಡಲೇ ಟಿಕೆಟ್ ಆದಾಯ, ಬಹುಮಾನದ ಮೊತ್ತ, ಪ್ರಾಯೋಜಕರು ಎಲ್ಲ ಬದಲಾಗುತ್ತವೆ. ಆದರೆ ಆಟಗಾರರ ಸಂಬಳ ತಾನಾಗಿ ಬದಲಾಗುವುದಿಲ್ಲ. ಕರಾರಿನಲ್ಲಿ ಏನು ಬರೆದಿದೆಯೋ ಅದೇ. ಕೆಳಗಿಳಿದರೆ ಸಂಬಳ ಇಷ್ಟು ಶೇಕಡಾ ಕಮ್ಮಿ, ಇಷ್ಟು ದುಡ್ಡು ಕೊಟ್ಟರೆ ಆಟಗಾರನನ್ನು ಬಿಟ್ಟುಕೊಡಬೇಕು, ಮೇಲೆ ಹೋದರೆ ಸಂಬಳ ಇಷ್ಟು ಜಾಸ್ತಿ ಎಂಬ ಷರತ್ತುಗಳನ್ನು ಸಹಿ ಹಾಕುವಾಗಲೇ ಸೇರಿಸಬೇಕು. ಬಡ್ತಿ ಸಿಕ್ಕ ಖುಷಿಯಲ್ಲಿ ಜುಲೈ ತನಕ ಇದನ್ನು ನೋಡದೆ ಬಿಟ್ಟರೆ ಸಂಬಳದ ಪಟ್ಟಿ ಬಜೆಟ್ ದಾಟಿರುತ್ತದೆ. ಇಳಿಯುವ ಸ್ಥಾನದ ಹತ್ತಿರ ಇದ್ದರೆ ಜನವರಿಯಲ್ಲೇ ಕರಾರುಗಳ ಪುಟ ತೆರೆದು, ಸಂಬಳ ಕಡಿತದ ಷರತ್ತು ಇಲ್ಲದ ಆಟಗಾರರು ಯಾರ್ಯಾರು ಅಂತ ಒಂದು ಪಟ್ಟಿ ಮಾಡಿಕೊಳ್ಳಿ. ವರ್ಗಾವಣೆಯ ಅವಧಿ ಸಾಮಾನ್ಯವಾಗಿ ಆ ತಿಂಗಳ ಕೊನೆಯ ಹೊತ್ತಿಗೆ ಮುಚ್ಚುತ್ತದೆ.